ಎರಡು ವಾಟ್‌ನ ವಾಲ್ವ್ ಆಂಪ್‌ಗೆ ಎಂಥ ಸ್ಪೀಕರ್ ಹೊಂದುತ್ತದೆ?

ಪ್ರಶ್ನೆ: ಸರ್, ನಾನು ಧಾರವಾಡದವನು. ಬಿಡುವಿನಲ್ಲಿ ಒಂದು ವಾಲ್ವ್ (ಹಳೆ ರೇಡಿಯೋಗಳ ಗಾಜಿನ ಟ್ಯೂಬ್) ಆಂಪ್ಲಿಫೈಯರ್ ಕಟ್ಟಿದ್ದೇನೆ. ಒಂದೊಂದು ಚಾನೆಲ್‌ಗೆ ಸಿಗ್ನಲ್ ಹಿಗ್ಗಿಸಲು ಅರ್ಧ ಇಸಿಸಿ83 ವಾಲ್ವ್, ಅದರ ಮುಂದೆ ಸ್ಪೀಕರ್ ನಡೆಸಲು ಒಂದು ಇಎಲ್84 ವಾಲ್ವ್. ಗೆಳೆಯರ ಮಾತು ಕೇಳಿ ಇಎಲ್84 ಅನ್ನು ಟ್ರಯೋಡ್ ಆಗಿ ಜೋಡಿಸಿದ್ದೇನೆ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ವಾಪಸ್ ಒಳಗೆ ಕೊಡುವುದು) ಇಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 5 ಕಿಲೋ ಓಮ್‌ನದು, ಸ್ಪೀಕರ್ ತಂತಿ ಕಟ್ಟಲು 4 ಮತ್ತು 8 ಓಮ್ ಟ್ಯಾಪ್ ಇವೆ. ಅಂಗಡಿಯಿಂದ ತಂದ ಚಿಕ್ಕ ಶೆಲ್ಫ್ ಸ್ಪೀಕರ್‌ಗಳ ಹಿಂದೆ 8 ಓಮ್, 86 ಡೆಸಿಬೆಲ್, 80 ವಾಟ್ ಎಂದಿದೆ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಾಕಿದರೆ ಅವರ ಧ್ವನಿ ಚೆನ್ನಾಗಿ ಬರುತ್ತದೆ, ಆದರೆ ತಬಲಾದ ಡಗ್ಗಾ ಗುಂಯ್ ಎಂದು ಎಳೆಯುತ್ತದೆ. ಸ್ವಲ್ಪ ಜೋರು ಮಾಡಿದರೆ ಸದ್ದು ಒಡೆಯುತ್ತದೆ. ಅದೇ ಆಂಪನ್ನು ಮಾವನವರ ಮನೆಯ ಹಳೆ ರೇಡಿಯೋಗ್ರಾಮ್‌ನ ಸ್ಪೀಕರ್‌ಗೆ ಕೊಟ್ಟರೆ ಇಡೀ ಕೋಣೆ ತುಂಬುತ್ತದೆ! ತಪ್ಪು ಆಂಪ್‌ನಲ್ಲೋ, ಸ್ಪೀಕರ್‌ನಲ್ಲೋ? 80 ವಾಟ್ ಸ್ಪೀಕರ್‌ಗೆ ತಕ್ಕಂತೆ ದೊಡ್ಡ ಆಂಪ್ ಕಟ್ಟಲೇ?

ಉತ್ತರ: ಸದ್ಯಕ್ಕೆ ಹೊಸ ಆಂಪ್ ಕಟ್ಟಬೇಡಿ. ನಿಮ್ಮ ಆಂಪ್ ಸರಿಯಾಗಿಯೇ ಇದೆ, ಸ್ಪೀಕರ್ ಕೂಡ ಕೆಟ್ಟದ್ದಲ್ಲ. ಎರಡಕ್ಕೂ ಒಂದಕ್ಕೊಂದು ಕೂಡಿ ಬಂದಿಲ್ಲ, ಅಷ್ಟೇ. ನಿಮ್ಮ ಎರಡು ದೂರುಗಳಿಗೆ ಎರಡು ಬೇರೆ ಬೇರೆ ಕಾರಣಗಳಿವೆ. ಸದ್ದು ಒಡೆಯುವುದಕ್ಕೆ ಕಾರಣ ವಾಟ್ ಸಾಲದಿರುವುದು. ಡಗ್ಗಾ ಎಳೆಯುವುದಕ್ಕೂ ವಾಟ್‌ಗೂ ಸಂಬಂಧವೇ ಇಲ್ಲ. ಅಲ್ಲಿ ತೊಂದರೆ ಕೊಡುತ್ತಿರುವುದು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸ್ಪೀಕರ್‌ಗೆ ಹೋಗುವ ಕರೆಂಟಿಗೆ ಆಂಪ್ ಒಳಗಿನಿಂದಲೇ ಒಡ್ಡುವ ತಡೆ. ಬಹಳ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ, ಇನ್ನಷ್ಟು ವಾಟ್ ಹುಡುಕಿಕೊಂಡು ಹೋಗುತ್ತಾರೆ, ದುಡ್ಡು ಖರ್ಚಾದ ಮೇಲೂ ಡಗ್ಗಾ ಹಾಗೇ ಎಳೆಯುತ್ತಿರುತ್ತದೆ.

ಮೊದಲು ಆ 80 ವಾಟ್ ವಿಷಯ ಮುಗಿಸಿಬಿಡೋಣ. ಅದು ಸ್ಪೀಕರ್‌ಗೆ ಬೇಕಾದ ವಾಟ್ ಅಲ್ಲ, ಅದು ತಡೆದುಕೊಳ್ಳುವ ವಾಟ್. ಅದಕ್ಕಿಂತ ಜಾಸ್ತಿ ಕೊಟ್ಟರೆ ವಾಯ್ಸ್ ಕಾಯಿಲ್ ಸುಡಬಹುದು ಎಂಬ ಎಚ್ಚರಿಕೆ ಮಾತ್ರ. ನಿಮ್ಮ 2 ವಾಟ್ ಆಂಪ್ ಅದನ್ನು ಧಾರಾಳವಾಗಿ ನಡೆಸಬಲ್ಲದು, ಎಷ್ಟು ಜೋರಾಗಿ ಎಂಬುದಷ್ಟೇ ಪ್ರಶ್ನೆ.

ಎಷ್ಟು ಜೋರಾಗಿ ಎಂಬುದನ್ನು ಹೇಳುವುದು ಆ 86 ಡೆಸಿಬೆಲ್. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಬರುವ ಸದ್ದು ಅದು. ವಾಟ್ ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ, ಹತ್ತು ಪಟ್ಟಾದರೆ 10. ನಿಮ್ಮ 2 ವಾಟ್‌ಗೆ 89 ಆಯಿತು. ಎರಡು ಸ್ಪೀಕರ್ ಸೇರಿದರೆ 92. ನೀವು ಮೂರು ಮೀಟರ್ ದೂರ ಕೂತಿದ್ದೀರಿ ಎಂದುಕೊಳ್ಳಿ. ಬಯಲಿನಲ್ಲಾದರೆ 9.5 ಡೆಸಿಬೆಲ್ ಇಳಿಯುತ್ತಿತ್ತು, ಕೋಣೆಯಲ್ಲಿ ಗೋಡೆಗಳು ಸ್ವಲ್ಪ ವಾಪಸ್ ಕೊಡುವುದರಿಂದ 6 ಎಂದು ಹಿಡಿಯೋಣ. ಉಳಿದದ್ದು 86. ಇದು ನಿಮ್ಮ ಆಂಪ್‌ನ ತುತ್ತತುದಿ. ತಬಲಾದ ಒಂದು ಪೆಟ್ಟು ಇದನ್ನು ದಾಟುವ ಹಾಗಿಲ್ಲ. ಗಾಯನದ ಧ್ವನಿಮುದ್ರಿಕೆಯಲ್ಲಿ ಸರಾಸರಿ ಸದ್ದು ಪೆಟ್ಟಿನ ಸದ್ದಿಗಿಂತ 12ರಿಂದ 15 ಡೆಸಿಬೆಲ್ ಕೆಳಗಿರುತ್ತದೆ. ಅಂದರೆ ಸರಾಸರಿ 71ರಿಂದ 74ರವರೆಗೆ ಒಡೆಯದೆ ಕೇಳಬಹುದು. ಎದುರು ಕೂತು ಮಾತಾಡುವ ಸದ್ದು ಸುಮಾರು 60 ಇರುತ್ತದೆ. ರಾತ್ರಿ ಹೊತ್ತು ಒಬ್ಬರೇ ಕೂತು ಕೇಳಲು ಇಷ್ಟು ಸಾಕು. ಕಛೇರಿಯ ಮುಂದಿನ ಸಾಲಿನಲ್ಲಿ ಕೂತ ಹಾಗೆ ಬೇಕು ಎಂದರೆ ಸಾಲದು.

ಇಎಲ್84 ಮೂಲತಃ ಐದು ಎಲೆಕ್ಟ್ರೋಡ್‌ನ ಪೆಂಟೋಡ್, ನೀವು ಅದನ್ನು ಮೂರರ ಟ್ರಯೋಡ್‌ನಂತೆ ಜೋಡಿಸಿದ್ದೀರಿ. ಈಗ ಅದನ್ನು ಮತ್ತೆ ಪೆಂಟೋಡ್ ಆಗಿ ಬದಲಾಯಿಸಿದರೆ? ಫಿಲಿಪ್ಸ್ ಕಂಪನಿಯ ಹಳೆ ಡೇಟಾಶೀಟ್ ಪ್ರಕಾರ 250 ವೋಲ್ಟ್‌ನಲ್ಲಿ ಒಂದು ಇಎಲ್84 ಟ್ರಯೋಡ್ ಆಗಿ ಸುಮಾರು 2 ವಾಟ್ ಕೊಡುತ್ತದೆ, ಪೆಂಟೋಡ್ ಆಗಿ 5.7. ಕೇಳಲು ದೊಡ್ಡ ಲಾಭ. ಲೆಕ್ಕ ಹಾಕಿದರೆ ನಾಲ್ಕೂವರೆ ಡೆಸಿಬೆಲ್ ಮಾತ್ರ. ಸ್ಪೀಕರನ್ನೇ 86ರಿಂದ 92ಕ್ಕೆ ಬದಲಾಯಿಸಿದರೆ 6 ಡೆಸಿಬೆಲ್ ಸಿಗುತ್ತದೆ, ಅಂದರೆ ನಿಮ್ಮ 2 ವಾಟ್ 8 ವಾಟ್‌ನ ಕೆಲಸ ಮಾಡುತ್ತದೆ. ಅದೂ ಆಂಪ್‌ನಲ್ಲಿ ಒಂದು ತಂತಿ ಮುಟ್ಟದೆ. ಮಾವನವರ ಮನೆಯಲ್ಲಿ ನೀವು ಕೇಳಿದ್ದು ಇದನ್ನೇ.

ಇನ್ನು ಡಗ್ಗಾ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಗೊಂದಲ ಜಾಸ್ತಿ ಇರುವುದು ಇಲ್ಲೇ.

ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಮೇಲೆ 8 ಓಮ್ ಎಂದು ಬರೆದಿದ್ದರೆ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 8 ಓಮ್ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆ ಟ್ಯಾಪ್‌ಗೆ 8 ಓಮ್ ಸ್ಪೀಕರ್ ಕಟ್ಟಿದರೆ ಆಚೆ ಬದಿಯಲ್ಲಿ ವಾಲ್ವ್‌ಗೆ 5,000 ಓಮ್ ಕಾಣುತ್ತದೆ ಎಂದಷ್ಟೇ ಅದರ ಅರ್ಥ. ಟ್ರಾನ್ಸ್‌ಫಾರ್ಮರ್‌ಗೆ ತನ್ನದೇ ಆದ ಓಮ್ ಇರುವುದಿಲ್ಲ, ಅದಕ್ಕಿರುವುದು ಸುತ್ತುಗಳ ಅನುಪಾತ ಮಾತ್ರ. 5,000 ಅನ್ನು 8ರಿಂದ ಭಾಗಿಸಿದರೆ 625, ಅದರ ವರ್ಗಮೂಲ 25. ವಾಲ್ವ್ ಕಡೆಯ ಸುರುಳಿಯಾದ ಪ್ರೈಮರಿಯ 25 ಸುತ್ತಿಗೆ ಸ್ಪೀಕರ್ ಕಡೆಯ ಸೆಕೆಂಡರಿಯಲ್ಲಿ ಒಂದು ಸುತ್ತು. ಅದೇ ಟ್ಯಾಪ್‌ಗೆ 4 ಓಮ್ ಸ್ಪೀಕರ್ ಕಟ್ಟಿದರೆ ವಾಲ್ವ್‌ಗೆ 2,500 ಕಾಣುತ್ತದೆ, 16 ಕಟ್ಟಿದರೆ 10,000.

ಈ 625 ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ವಾಲ್ವ್ ಕಡೆಯಿಂದ ನೋಡಿದರೆ ಸ್ಪೀಕರ್ 625 ಪಟ್ಟು ದೊಡ್ಡದಾಗಿ ಕಾಣುತ್ತದೆ, ಸ್ಪೀಕರ್ ಕಡೆಯಿಂದ ನೋಡಿದರೆ ವಾಲ್ವ್‌ನ ಒಳ ರೆಸಿಸ್ಟೆನ್ಸ್ 625 ಪಟ್ಟು ಚಿಕ್ಕದಾಗಿ ಕಾಣುತ್ತದೆ. ಟ್ರಯೋಡ್ ಆಗಿ ಕಟ್ಟಿದ ಇಎಲ್84ರ ಒಳ ರೆಸಿಸ್ಟೆನ್ಸ್ ಸುಮಾರು 2,000 ಓಮ್. ಪ್ರೈಮರಿ ತಂತಿಯದ್ದು 300 ಎಂದಿಟ್ಟುಕೊಳ್ಳಿ. 2,300 ಅನ್ನು 625ರಿಂದ ಭಾಗಿಸಿದರೆ 3.7. ಸೆಕೆಂಡರಿ ತಂತಿಯದ್ದು ಅರ್ಧ ಓಮ್‌ಗಿಂತ ಸ್ವಲ್ಪ ಜಾಸ್ತಿ. ಒಟ್ಟು 4.3 ಓಮ್. ನಿಮ್ಮ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಇದರ ಆಸುಪಾಸಿನಲ್ಲಿ ಇರಬೇಕು. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದು 0.1 ಓಮ್‌ಗಿಂತಲೂ ಕಡಿಮೆ ಇರುತ್ತದೆ. ಫೀಡ್‌ಬ್ಯಾಕ್ ಇಲ್ಲದ ಪೆಂಟೋಡ್ ಆಗಿದ್ದರೆ? ಒಳ ರೆಸಿಸ್ಟೆನ್ಸ್ 38,000 ಓಮ್, ಆದ್ದರಿಂದ ಔಟ್‌ಪುಟ್‌ನಲ್ಲಿ 60 ಓಮ್ ದಾಟುತ್ತದೆ! ಹಾಗಾಗಿ ಟ್ರಯೋಡ್ ಮಾಡಿ ಎಂದ ನಿಮ್ಮ ಗೆಳೆಯರು ಕೆಟ್ಟ ಸಲಹೆ ಕೊಟ್ಟಿಲ್ಲ.

ಸ್ಪೀಕರ್ ಮೇಲಿನ 8 ಓಮ್ ಕೂಡ ಒಂದು ಅಂದಾಜು. ಆ ಸಂಖ್ಯೆ ಆವರ್ತನದ ಜೊತೆ ಏರಿಳಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ಕಡೆ ಒಂದು ಗುಡ್ಡ ಏಳುತ್ತದೆ, ಹಿಂದೆ ತೂತಿರುವ ಪೆಟ್ಟಿಗೆಯಲ್ಲಿ ಎರಡು. ಅಲ್ಲಿ 30 ಓಮ್ ಸಾಮಾನ್ಯ. ಆಮೇಲೆ ಇಳಿದು 6ಕ್ಕೆ ಬರುತ್ತದೆ, ಕ್ರಾಸ್‌ಓವರ್ (ತಗ್ಗು ಸ್ವರ, ಮೇಲಿನ ಸ್ವರಗಳನ್ನು ಬೇರೆ ಬೇರೆ ಕೋನ್‌ಗೆ ಹಂಚುವ ಸರ್ಕ್ಯೂಟ್) ಇರುವಲ್ಲಿ ಮತ್ತೆ ಏರುತ್ತದೆ. ಆಂಪ್‌ನ 4.3 ಓಮ್ ಇದರ ಜೊತೆ ಸರಣಿಯಲ್ಲಿ ಕೂತಿದೆ. 30 ಓಮ್ ಇರುವ ಕಡೆ ಸ್ಪೀಕರ್‌ಗೆ ಸಿಗುವುದು ಆಂಪ್‌ನ ವೋಲ್ಟೇಜಿನ ಶೇಕಡಾ 87, 6 ಓಮ್ ಇರುವ ಕಡೆ ಶೇಕಡಾ 58. ಡೆಸಿಬೆಲ್‌ನಲ್ಲಿ ಹೇಳಿದರೆ ಮೂರೂವರೆ ವ್ಯತ್ಯಾಸ. ಅಂದರೆ ನಿಮ್ಮ ಆಂಪ್ ಯಾರೂ ಕೇಳದಿದ್ದರೂ ಬೇಸ್‌ನ ಒಂದು ಜಾಗವನ್ನು ಹಿಡಿದು ಎತ್ತುತ್ತಿದೆ. ಚಿಕ್ಕ ಶೆಲ್ಫ್ ಸ್ಪೀಕರ್‌ಗಳಲ್ಲಿ ಆ ಜಾಗ ಬಹುತೇಕ 60ರಿಂದ 100 ಹರ್ಟ್ಸ್ ನಡುವೆ ಬರುತ್ತದೆ. ಡಗ್ಗಾದ ಮೂಲ ಸ್ವರವೂ ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ.

ಎತ್ತುವುದರ ಜೊತೆಗೆ ಎಳೆತವೂ ಬರುತ್ತದೆ. ಸ್ಪೀಕರ್‌ನ ಕೋನ್ ಒಂದು ಉಯ್ಯಾಲೆ ಇದ್ದ ಹಾಗೆ. ಒಮ್ಮೆ ತೂಗಿಬಿಟ್ಟರೆ ತಾನಾಗಿ ಬೇಗ ನಿಲ್ಲುವುದಿಲ್ಲ, ಯಾರಾದರೂ ಹಿಡಿಯಬೇಕು. ಕೋನ್ ಆಡುವಾಗ ಅದರ ಕಾಯಿಲ್ ಜನರೇಟರ್ ಆಗಿಬಿಡುತ್ತದೆ, ಆ ಕರೆಂಟ್ ಆಂಪ್ ಮೂಲಕ ಸುತ್ತು ಹಾಕಿ ಬಂದು ಕೋನನ್ನೇ ತಡೆಯುತ್ತದೆ. ದಾರಿಯಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಇದ್ದರೆ ಕರೆಂಟ್ ಕಡಿಮೆ, ಹಿಡಿತವೂ ಸಡಿಲ. ಸ್ಪೀಕರ್ ಕಟ್ಟುವವರು ಇದನ್ನು ಕ್ಯೂ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಮುಚ್ಚಿದ ಪೆಟ್ಟಿಗೆಗೆ 0.7 ಇದ್ದರೆ ಒಳ್ಳೆಯದು. ಕಾಯಿಲ್‌ನ ರೆಸಿಸ್ಟೆನ್ಸ್ 5.6 ಓಮ್ ಇರುವ ಅಂಥ ಒಂದು ಸ್ಪೀಕರ್‌ಗೆ ನಿಮ್ಮ 4.3 ಓಮ್ ಸೇರಿಸಿ ಲೆಕ್ಕ ಹಾಕಿದರೆ ಕ್ಯೂ 1.1ರ ಹತ್ತಿರ ಹೋಗುತ್ತದೆ. ಪೆಟ್ಟು ಬಿದ್ದ ಮೇಲೂ ಕೋನ್ ಸ್ವಲ್ಪ ಹೊತ್ತು ಆಡುತ್ತದೆ. ನಿಮಗೆ ಗುಂಯ್ ಎಂದು ಕೇಳುತ್ತಿರುವುದು ತಬಲಾ ಅಲ್ಲ, ಪೆಟ್ಟಿಗೆ. ಎಲ್ಲ ಪೆಟ್ಟಿಗೂ ಅದೇ ಒಂದು ಸ್ವರ ಕೇಳುತ್ತಿದೆಯೇ ಎಂದು ಗಮನಿಸಿ ನೋಡಿ. ಹೌದಾದರೆ ರೋಗ ಇದೇ.

ಇಷ್ಟೆಲ್ಲ ಅಂದಾಜಿನ ಮಾತು. ಅಳೆಯುವುದು ಸುಲಭ, ಅಳೆದೇ ನೋಡಿ. 8 ಓಮ್, 10 ವಾಟ್‌ನ ಎರಡು ವೈರ್‌ವೂಂಡ್ ರೆಸಿಸ್ಟರ್ ತನ್ನಿ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 200 ಹರ್ಟ್ಸ್ ಸ್ವರ ಕೊಡಿ. ಸ್ಪೀಕರ್ ತೆಗೆದು 8ರ ಟ್ಯಾಪ್‌ಗೆ ಒಂದು ರೆಸಿಸ್ಟರ್ ಕಟ್ಟಿ, ಅದರ ಮೇಲೆ ಸರಿಯಾಗಿ 1 ವೋಲ್ಟ್ ಎಸಿ ಬರುವಂತೆ ವಾಲ್ಯೂಮ್ ಇಡಿ. ಆಮೇಲೆ ವಾಲ್ಯೂಮ್ ಮುಟ್ಟದೆ ಎರಡೂ ರೆಸಿಸ್ಟರ್ ಸರಣಿಯಲ್ಲಿ ಕಟ್ಟಿ 16 ಓಮ್ ಮಾಡಿ ಮತ್ತೆ ಅಳೆಯಿರಿ. 1.21 ವೋಲ್ಟ್ ಬಂತು ಎನ್ನಿ. ವೋಲ್ಟೇಜ್ ಏರಿದ್ದು 0.21. ಕರೆಂಟ್ ಮೊದಲು 1 ಭಾಗಿಸು 8, ಅಂದರೆ 0.125 ಆಂಪಿಯರ್. ಈಗ 1.21 ಭಾಗಿಸು 16, ಅಂದರೆ 0.0756. ಇಳಿದದ್ದು 0.0494. ಏರಿದ ವೋಲ್ಟೇಜನ್ನು ಇಳಿದ ಕರೆಂಟಿನಿಂದ ಭಾಗಿಸಿದರೆ 4.25 ಓಮ್. ಅದೇ ನಿಮ್ಮ ಔಟ್‌ಪುಟ್ ಇಂಪೀಡೆನ್ಸ್. ಏನೂ ಕಟ್ಟದೆ ಬರಿ ಟರ್ಮಿನಲ್‌ನಲ್ಲಿ ಅಳೆದು ಲೆಕ್ಕ ಹಾಕುವ ರೀತಿಯೂ ಉಂಟು, ಆದರೆ ವಾಲ್ವ್ ಆಂಪ್‌ಗೆ ಅದು ಬೇಡ. ಲೋಡ್ ಇಲ್ಲದೆ ಜೋರು ಸಿಗ್ನಲ್ ಕೊಟ್ಟರೆ ಪ್ರೈಮರಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಟ್ರಾನ್ಸ್‌ಫಾರ್ಮರ್ ಒಳಗೇ ಕಿಡಿ ಹಾರಬಹುದು. ಪೆಂಟೋಡ್‌ಗಂತೂ ಈ ಅಪಾಯ ಹೆಚ್ಚು.

ಮೀಟರ್ ಬಗ್ಗೆ ಒಂದು ಮಾತು. ತುಂಬಾ ಅಗ್ಗದ ಮಲ್ಟಿಮೀಟರ್‌ಗಳಲ್ಲಿ ಎಸಿಗೆ 200 ಮತ್ತು 750 ವೋಲ್ಟ್ ರೇಂಜ್ ಮಾತ್ರ ಇರುತ್ತವೆ. ಅದರಲ್ಲಿ 1 ವೋಲ್ಟ್ ಅಳೆಯಲು ಹೋದರೆ ಬರುವುದು ಸುಳ್ಳು ಸಂಖ್ಯೆ. 2 ವೋಲ್ಟ್ ಎಸಿ ರೇಂಜ್ ಇರುವುದನ್ನು ಯಾರ ಹತ್ತಿರವಾದರೂ ಕೇಳಿ ತನ್ನಿ. ಮೇಲಿನ ಆವರ್ತನಗಳಲ್ಲಿ ಸಾಮಾನ್ಯ ಮೀಟರ್ ನಂಬಲು ಬರುವುದಿಲ್ಲ, ಅದಕ್ಕೇ 200 ಹರ್ಟ್ಸ್ ಹೇಳಿದ್ದು.

ಕೈಗೆ ಒಳ್ಳೆ ಮೀಟರ್ ಸಿಕ್ಕಿರುವಾಗಲೇ ಸ್ಪೀಕರನ್ನೂ ಅಳೆದುಬಿಡಿ. ಆಂಪ್ ಮತ್ತು ಸ್ಪೀಕರ್ ನಡುವೆ 100 ಓಮ್ ರೆಸಿಸ್ಟರ್ ಇಡಿ. ಸ್ಪೀಕರ್ ಮೇಲಿನ ವೋಲ್ಟೇಜನ್ನು ರೆಸಿಸ್ಟರ್ ಮೇಲಿನ ವೋಲ್ಟೇಜಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಆ ಆವರ್ತನದಲ್ಲಿ ಸ್ಪೀಕರ್ ಎಷ್ಟು ಓಮ್ ಎಂದು ಸಿಗುತ್ತದೆ. 20 ಹರ್ಟ್ಸ್‌ನಿಂದ ಶುರು ಮಾಡಿ 400ರವರೆಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ, ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ. ಗುಡ್ಡ ಎಲ್ಲಿದೆ, ಎಷ್ಟು ಎತ್ತರ ಎಂದು ಕಣ್ಣಿಗೇ ಕಾಣುತ್ತದೆ. ಸ್ಪೀಕರ್‌ನ ಹಿಂದಿನ ಚೀಟಿಗಿಂತ ಈ ಹಾಳೆಗೆ ಬೆಲೆ ಜಾಸ್ತಿ.

ಹಾಗಾದರೆ ರೇಡಿಯೋಗ್ರಾಮ್ ಹೇಗೆ ಚೆನ್ನಾಗಿ ಹಾಡಿತು? ಅದರಲ್ಲಿ ಇರುವುದು ಹಗುರ ಕಾಗದದ ದೊಡ್ಡ ಕೋನ್, ಚಿಕ್ಕ ಕಾಯಿಲ್, ಬಲವಾದ ಮ್ಯಾಗ್ನೆಟ್. ಆ ಕಾಲದಲ್ಲಿ ವಾಟ್ ಎಂದರೆ ದುಬಾರಿ ಸರಕು. ಒಂದೊಂದು ವಾಟ್‌ಗೂ ವಾಲ್ವ್, ಕಬ್ಬಿಣ, ತಾಮ್ರ ಬೇಕಿತ್ತು. ಆದ್ದರಿಂದ ಸ್ಪೀಕರ್ ಮಾಡುವವರು ಒಂದು ಹನಿಯೂ ಪೋಲಾಗದಂತೆ ಮಾಡುತ್ತಿದ್ದರು. ಅಂಥ ಹಲವು ಸ್ಪೀಕರ್‌ಗಳು 90 ಡೆಸಿಬೆಲ್ ದಾಟುತ್ತವೆ. ಪೆಟ್ಟಿಗೆಯ ಹಿಂಬದಿ ತೆರೆದೇ ಇರುವುದರಿಂದ ಒಳಗಿನ ಗಾಳಿಯ ಒತ್ತಡವಿಲ್ಲ, ಕೋನ್‌ನ ಗುಡ್ಡ ಕೆಳಗೇ ಉಳಿಯುತ್ತದೆ. ಆಳದ ಬೇಸ್ ಅದರಲ್ಲಿ ಇರುವುದೇ ಇಲ್ಲ, ಹಾಗಾಗಿ ಎಳೆಯಲು ಏನೂ ಉಳಿದಿಲ್ಲ! ಇನ್ನೊಂದು ಸಂಗತಿ: ಆ ಸ್ಪೀಕರ್ ಬಹುಶಃ 5 ಓಮ್‌ನದು. 5 ಅನ್ನು 625ರಿಂದ ಗುಣಿಸಿದರೆ 3,125. ಟ್ರಯೋಡ್ ಇಎಲ್84ಕ್ಕೆ ಡೇಟಾಶೀಟ್ ಹೇಳುವ ಲೋಡ್ 3,500. ನಿಮಗೆ ಗೊತ್ತಿಲ್ಲದೆಯೇ ಜೋಡಿ ಕೂಡಿಬಂದಿದೆ.

ಚಿಕ್ಕ ಪೆಟ್ಟಿಗೆಯ ದಾರಿ ಬೇರೆ. 1954ರಲ್ಲಿ ಅಮೆರಿಕದ ಅಕೂಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಬಂತು. ಎಡ್ಗರ್ ವಿಲ್ಚರ್ ಅದರಲ್ಲಿ ಕೋನನ್ನು ಸಡಿಲವಾಗಿ ತೂಗುಹಾಕಿ, ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿದರು. ಚಿಕ್ಕ ಪೆಟ್ಟಿಗೆಯಿಂದ ಆಳವಾದ ಬೇಸ್ ಬಂತು. ಅದಕ್ಕೆ ಕೊಟ್ಟ ಬೆಲೆ ಸೆನ್ಸಿಟಿವಿಟಿ, ಅಂದರೆ ಒಂದು ವಾಟ್‌ಗೆ ಬರುವ ಸದ್ದು. ಟ್ರಾನ್ಸಿಸ್ಟರ್ ಬಂದ ಮೇಲೆ ವಾಟ್ ಅಗ್ಗವಾಯಿತು, ಆಮೇಲೆ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ನಿಮ್ಮ ಶೆಲ್ಫ್ ಸ್ಪೀಕರ್ ಆ ವಂಶದ್ದು. ಅದನ್ನು ಮಾಡಿದವರು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಸೊನ್ನೆ ಎಂದು ಹಿಡಿದೇ ಪೆಟ್ಟಿಗೆಯ ಲೆಕ್ಕ ಹಾಕಿರುತ್ತಾರೆ. ನಿಮ್ಮ ಇಎಲ್84 ಹಳೆ ಕಾಲದ ಮನೆತನದ್ದು. ಅದರ ಮೇಲೆ ಬಿಇಎಲ್ ಗುರುತು ಇದ್ದರೆ ನಮ್ಮ ಬೆಂಗಳೂರಿನ ಜಾಲಹಳ್ಳಿಯದ್ದೇ. ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಅವು ಒಳ್ಳೆಯ ವಾಲ್ವ್‌ಗಳು, ಸುಮ್ನೆ ಯಾರಿಗೋ ಕೊಟ್ಟುಬಿಡಬೇಡಿ.

ಈಗ ಏನು ಮಾಡಬಹುದು ನೋಡೋಣ. ಖರ್ಚಿಲ್ಲದ್ದು ಮೊದಲು.

ಸ್ಪೀಕರ್ ತಂತಿಯನ್ನು 8ರ ಟ್ಯಾಪ್‌ನಿಂದ ತೆಗೆದು 4ರ ಟ್ಯಾಪ್‌ಗೆ ಹಾಕಿ. 8 ಓಮ್ ಸ್ಪೀಕರ್‌ಗೆ 4ರ ಟ್ಯಾಪ್ ತಪ್ಪಲ್ವಾ ಎನ್ನಬೇಡಿ, ಟ್ರಯೋಡ್‌ಗೆ ಇದರಿಂದ ಏನೂ ಆಗುವುದಿಲ್ಲ. ವಾಲ್ವ್‌ಗೆ ಈಗ 10,000 ಓಮ್ ಕಾಣುತ್ತದೆ. ಟ್ರಯೋಡ್‌ಗೆ ಲೋಡ್‌ನ ಓಮ್ ಹೆಚ್ಚಾದಷ್ಟೂ ಡಿಸ್ಟಾರ್ಶನ್ (ಸದ್ದಿನ ವಿರೂಪ) ಕಡಿಮೆ. ಅನುಪಾತ 625ರ ಬದಲು 1,250 ಆಗುವುದರಿಂದ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 2.2ಕ್ಕೆ ಇಳಿಯುತ್ತದೆ. ಮೂರೂವರೆ ಡೆಸಿಬೆಲ್ ಏರಿಳಿತ ಎರಡಕ್ಕೆ ಬರುತ್ತದೆ. ಕಳೆದುಕೊಳ್ಳುವುದು ವಾಟ್‌ನ ಮೂರನೇ ಒಂದು ಭಾಗ, ಅಂದರೆ 1.7 ಡೆಸಿಬೆಲ್. ಕಿವಿಗೆ ಅಷ್ಟೇನೂ ಗೊತ್ತಾಗದು. ಡಗ್ಗಾದಲ್ಲಿ ಆಗುವ ಬದಲಾವಣೆ ಮಾತ್ರ ಖಂಡಿತ ಗೊತ್ತಾಗುತ್ತದೆ. ಐದು ನಿಮಿಷದ ಕೆಲಸ. ಆದರೆ ಪೆಂಟೋಡ್‌ಗೆ ಈ ಉಪಾಯ ಬೇಡ, ಅಲ್ಲಿ ಲೋಡ್ ಏರಿದರೆ ಡಿಸ್ಟಾರ್ಶನ್ ಕೂಡ ಏರುತ್ತದೆ.

ಜೊತೆಗೆ ಸ್ಪೀಕರನ್ನು ಗೋಡೆಯಿಂದ, ಅದರಲ್ಲೂ ಮೂಲೆಯಿಂದ, ಎರಡು ಅಡಿ ಮುಂದಕ್ಕೆ ತನ್ನಿ. ಹಿಂದೆ ತೂತಿದ್ದರೆ ಹಳೆ ಕಾಲುಚೀಲ ಸುತ್ತಿ ತುರುಕಿ ಕೇಳಿ. ನಗಬೇಡಿ, ಸ್ಪೀಕರ್ ಕಂಪನಿಗಳೇ ಕೆಲವು ಮಾಡೆಲ್ ಜೊತೆ ಇದಕ್ಕೆಂದು ಸ್ಪಂಜಿನ ಬಿರಡೆ ಕೊಡುತ್ತವೆ.

ಇದೆಲ್ಲ ಸಾಲದಿದ್ದರೆ ಫೀಡ್‌ಬ್ಯಾಕ್ ಹಾಕಿ. ವಾಲ್ವ್ ಪ್ರಿಯರಲ್ಲಿ ಫೀಡ್‌ಬ್ಯಾಕ್ ಎಂದರೆ ಮೈಲಿಗೆ ಎನ್ನುವವರು ಬಹಳ ಇದ್ದಾರೆ. ನನಗೆ ಆ ಮಡಿ ಇಲ್ಲ. 1947ರಲ್ಲಿ ಬ್ರಿಟನ್ನಿನ ಎಂಜಿನಿಯರ್ ವಿಲಿಯಮ್ಸನ್ ಪ್ರಕಟಿಸಿದ 15 ವಾಟ್ ಆಂಪ್ ಜಗತ್ತಿನಾದ್ಯಂತ ಮನೆಮನೆಗಳಲ್ಲಿ ಕಟ್ಟಿದ ವಾಲ್ವ್ ಆಂಪ್. ಅದರಲ್ಲಿ ಕೆಟಿ66 ವಾಲ್ವ್‌ಗಳು ಟ್ರಯೋಡ್ ಆಗಿಯೇ ಇದ್ದವು, ಮೇಲೆ 20 ಡೆಸಿಬೆಲ್ ಫೀಡ್‌ಬ್ಯಾಕ್ ಇತ್ತು. ನಿಮಗೆ ಅಷ್ಟು ಬೇಡ, 10 ಸಾಕು. ಲೆಕ್ಕದ ಪ್ರಕಾರ 10 ಡೆಸಿಬೆಲ್ ಹಾಕಿದರೆ 4.3 ಓಮ್ ಇಳಿದು 1ರ ಹತ್ತಿರ ಬರುತ್ತದೆ. ಏರಿಳಿತ 1 ಡೆಸಿಬೆಲ್‌ಗೆ ಇಳಿಯುತ್ತದೆ, ಕ್ಯೂ 0.8ಕ್ಕೆ. ಆಗ 8ರ ಟ್ಯಾಪ್‌ಗೇ ವಾಪಸ್ ಹೋಗಿ ಪೂರ್ತಿ 2 ವಾಟ್ ತೆಗೆದುಕೊಳ್ಳಬಹುದು. ಬೆಲೆ ಕೊಡುವುದು ಗೇನ್‌ನಲ್ಲಿ. ಈಗ ನಿಮ್ಮ ಆಂಪ್‌ಗೆ ಪೂರ್ತಿ ಸದ್ದಿಗೆ 0.12 ವೋಲ್ಟ್ ಸಾಕಾಗುತ್ತಿದ್ದರೆ, ಆಮೇಲೆ 0.4 ವೋಲ್ಟ್ ಬೇಕಾಗುತ್ತದೆ. ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ, ತೊಂದರೆಯಿಲ್ಲ.

ಹಾಕುವ ವಿಧಾನ ಹೀಗೆ. ಇಸಿಸಿ83ರ ಕ್ಯಾಥೋಡ್ ರೆಸಿಸ್ಟರ್ ಮತ್ತು ಅದರ ಕೆಪಾಸಿಟರ್ ಎರಡರ ಕೆಳಗೆ, ಗ್ರೌಂಡ್‌ಗೆ ಮೊದಲು, 100 ಓಮ್ ಸೇರಿಸಿ. ಸೆಕೆಂಡರಿಯ ಒಂದು ತುದಿ ಗ್ರೌಂಡ್‌ಗೆ ಹೋಗಬೇಕು. 8ರ ಟ್ಯಾಪ್‌ನಿಂದ 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ಆ 100 ಓಮ್‌ನ ಮೇಲ್ತುದಿಗೆ ತಂತಿ ತನ್ನಿ. ಮೊದಲ ಸಲ ಒಳ್ಳೆ ಸ್ಪೀಕರ್ ಕಟ್ಟಬೇಡಿ, 8 ಓಮ್ ರೆಸಿಸ್ಟರ್ ಅಥವಾ ಹೋದರೂ ಚಿಂತೆಯಿಲ್ಲದ ಯಾವುದೋ ಸ್ಪೀಕರ್ ಇರಲಿ. ಕೂಗಿಕೊಂಡರೆ ಪ್ರೈಮರಿಯ ಎರಡು ತಂತಿಗಳನ್ನು ಅದಲುಬದಲು ಮಾಡಿ. ಕೂಗದಿದ್ದರೂ ಕಿವಿಗೆ ಕೇಳದಷ್ಟು ಮೇಲಿನ ಆವರ್ತನದಲ್ಲಿ ಆಸಿಲೇಟ್ ಆಗುತ್ತಿರಬಹುದು. ಆಸಿಲೋಸ್ಕೋಪ್ ಇಲ್ಲದಿದ್ದರೆ ಒಂದು ಪರೀಕ್ಷೆ ಇದೆ. ಹಾಡು ನಿಲ್ಲಿಸಿ ಇಎಲ್84ರ ಕ್ಯಾಥೋಡ್ ವೋಲ್ಟೇಜ್ ನೋಡಿ. ಫೀಡ್‌ಬ್ಯಾಕ್ ಇದ್ದಾಗಲೂ ಇಲ್ಲದಾಗಲೂ ಅದು ಒಂದೇ ಇರಬೇಕು. ಬದಲಾದರೆ ಒಳಗೆ ಏನೋ ಓಡುತ್ತಿದೆ ಎಂದರ್ಥ. ಆಗ 1.5 ಕಿಲೋ ಓಮ್‌ನ ಬದಲು ಹೆಚ್ಚು ಓಮ್‌ನ ರೆಸಿಸ್ಟರ್ ಹಾಕಿ ಫೀಡ್‌ಬ್ಯಾಕ್ ಕಡಿಮೆ ಮಾಡಿ. ಪ್ರತಿ ಸಲ ಬೆಸುಗೆ ಹಾಕುವ ಮೊದಲು ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ವೋಲ್ಟೇಜ್ ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದದ್ದು ನೋಡಿಯೇ ಕೈ ಹಾಕಿ. 250 ವೋಲ್ಟ್ ಡಿಸಿ ಕೊಲ್ಲುತ್ತದೆ. ಆ ಕೆಪಾಸಿಟರ್‌ಗೆ ಅಡ್ಡಲಾಗಿ, ಉಳಿದ ಚಾರ್ಜ್ ಇಳಿಸುವ ಒಂದು ಬ್ಲೀಡರ್ ರೆಸಿಸ್ಟರ್ ಇಲ್ಲದಿದ್ದರೆ ಇವತ್ತೇ ಹಾಕಿ.

ಇಷ್ಟಾದ ಮೇಲೆ ಡಗ್ಗಾ ಸರಿಹೋಗುತ್ತದೆ. ಒಡೆಯುವುದು ಮಾತ್ರ ಹಾಗೇ ಇರುತ್ತದೆ, ಯಾಕಂದರೆ ಫೀಡ್‌ಬ್ಯಾಕ್ ವಾಟ್ ಹುಟ್ಟಿಸುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಫೀಡ್‌ಬ್ಯಾಕ್ ಇರುವ ಆಂಪ್ ಒಡೆಯುವಾಗ ಮೆಲ್ಲಗೆ ಒಡೆಯುವುದಿಲ್ಲ, ಥಟ್ಟನೆ ಒಡೆಯುತ್ತದೆ. ಜೋರಾಗಿ ಕೇಳುವುದು ನಿಮಗೆ ಮುಖ್ಯವಾದರೆ ಕೊನೆಗೂ ಸ್ಪೀಕರ್ ಬದಲಾಯಿಸಲೇಬೇಕು.

ಕೊಳ್ಳುವಾಗ 92ರ ಮೇಲಿನದನ್ನು ನೋಡಿ, 95 ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಆ ಸಂಖ್ಯೆಯನ್ನು ಹಾಗೇ ನಂಬಬೇಡಿ. ಈಗಿನ ಕಂಪನಿಗಳು ಹೆಚ್ಚಾಗಿ 1 ವಾಟ್ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 8 ಓಮ್‌ಗೆ ಎರಡೂ ಒಂದೇ. 4 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಎಂದರೆ 2 ವಾಟ್, ಆದ್ದರಿಂದ ಚೀಟಿಯಲ್ಲಿ 91 ಎಂದಿದ್ದರೆ ನಿಮ್ಮ ಲೆಕ್ಕಕ್ಕೆ ಅದು 88. ಇಂಪೀಡೆನ್ಸ್ ಗ್ರಾಫ್ ಕೇಳಿ. ಕನಿಷ್ಠ ಎಷ್ಟು ಎಂಬುದಕ್ಕಿಂತಲೂ ಎಷ್ಟು ಸಮತಟ್ಟಾಗಿದೆ ಎಂಬುದು ಮುಖ್ಯ. ಕ್ರಾಸ್‌ಓವರ್ ಸರಳವಾಗಿದ್ದಷ್ಟೂ ಒಳ್ಳೆಯದು.

ಸಂಖ್ಯೆ ಕಡಿಮೆ ಇದ್ದೂ ವಾಲ್ವ್ ಆಂಪ್ ಜೊತೆ ಚೆನ್ನಾಗಿ ಹೊಂದುವ ಸ್ಪೀಕರ್‌ಗಳಿಲ್ಲವೇ? ಇವೆ. ಬಿಬಿಸಿ 1970ರ ದಶಕದಲ್ಲಿ ಮಾಡಿಸಿದ ಎಲ್‌ಎಸ್3/5ಎ ಇದೆಯಲ್ಲ, ಅದರ ಸೆನ್ಸಿಟಿವಿಟಿ 83ರ ಆಸುಪಾಸು, ಆದರೂ ವಾಲ್ವ್ ಪ್ರಿಯರಿಗೆ ಅಚ್ಚುಮೆಚ್ಚು. ಮೊದಲ ಮಾದರಿ 15 ಓಮ್‌ನದು, ಆದ್ದರಿಂದ ಆಂಪ್‌ನ ಒಂದೆರಡು ಓಮ್ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಅದನ್ನು ನಡೆಸುವವರ ಹತ್ತಿರ 15 ವಾಟ್ ಅಥವಾ ಜಾಸ್ತಿ ಇರುತ್ತದೆ. ನಿಮ್ಮ 2 ವಾಟ್‌ಗೆ ಅದು ಬೇಡ.

ನೀವೇ ಆಂಪ್ ಕಟ್ಟಿದವರು, ಸ್ಪೀಕರ್ ಪೆಟ್ಟಿಗೆಯನ್ನೂ ಯಾಕೆ ಕಟ್ಟಬಾರದು? ನನ್ನ ಕೇಳಿದರೆ ಅದೇ ಒಳ್ಳೆ ದಾರಿ. ಎಲ್ಲ ಸ್ವರಗಳನ್ನೂ ಒಂದೇ ಕೋನ್‌ನಲ್ಲಿ ನುಡಿಸುವ ಎಂಟು ಇಂಚಿನ ಫುಲ್‌ರೇಂಜ್ ಡ್ರೈವರ್ ಒಂದಿದ್ದರೆ ಕ್ರಾಸ್‌ಓವರ್‌ನ ಕಾಟವೇ ಇಲ್ಲ. ಡೇಟಾಶೀಟ್‌ನಲ್ಲಿ ಕ್ಯೂಟಿಎಸ್ (ಪೆಟ್ಟಿಗೆಗೆ ಹಾಕುವ ಮೊದಲು ಡ್ರೈವರ್‌ನದೇ ಕ್ಯೂ) 0.3ರ ಹತ್ತಿರ ಇರುವುದನ್ನು ಆರಿಸಿ. ನಿಮ್ಮ 4.3 ಓಮ್ ಸೇರಿದಾಗ ಅದು 0.48ಕ್ಕೆ ಏರುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಬೇಸ್ ತೆಳುವಾಗಿ ಕೇಳುವ ಡ್ರೈವರ್ ನಿಮ್ಮ ಆಂಪ್‌ನಲ್ಲಿ ತುಂಬಿ ಕೇಳುತ್ತದೆ. ಈಗ ಅಡ್ಡಿಯಾಗಿರುವ ಗುಣವೇ ಆಗ ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆಯ ಅಳತೆ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಸರಣಿ ರೆಸಿಸ್ಟೆನ್ಸ್ ಎಂಬ ಒಂದು ಖಾನೆ ಇರುತ್ತದೆ. ಎಲ್ಲರೂ ಅದನ್ನು ಸೊನ್ನೆ ಬಿಡುತ್ತಾರೆ. ನೀವು ಅಳೆದ ಸಂಖ್ಯೆಯನ್ನು ಅಲ್ಲಿ ತುಂಬಿ. ಪೆಂಡಾಲಿಗೆ ಹಾಕುವ 12 ಇಂಚಿನ ಡ್ರೈವರ್‌ಗಳು ಅಗ್ಗ, 95 ದಾಟುತ್ತವೆ, ಅದನ್ನು ತಂದರೆ ಸಾಲದೇ ಎಂದು ಕೇಳುವವರಿದ್ದಾರೆ. ತರಬಹುದು. ಆದರೆ ಅದಕ್ಕೆ ದೊಡ್ಡ ಪೆಟ್ಟಿಗೆ ಬೇಕು, ಮೇಲಿನ ಸ್ವರಗಳಿಗೆ ಬೇರೆ ಟ್ವೀಟರ್ ಬೇಕು, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಅದೊಂದರಿಂದಲೇ ಬರುವುದಿಲ್ಲ.

ಫುಲ್‌ರೇಂಜ್ ಡ್ರೈವರ್‌ನಲ್ಲಿ ಮೇಲಕ್ಕೆ ಹೋದಂತೆ ಇಂಪೀಡೆನ್ಸ್ ಏರುತ್ತದೆ, ಜೊತೆಗೆ ಸದ್ದೂ ಚುರುಕಾಗುತ್ತದೆ. ಕಿವಿಗೆ ಚುಚ್ಚಿದರೆ ಸ್ಪೀಕರ್‌ಗೆ ಅಡ್ಡಲಾಗಿ ರೆಸಿಸ್ಟರ್ ಮತ್ತು ಕೆಪಾಸಿಟರ್ ಸರಣಿಯಲ್ಲಿ ಹಾಕಿ. ಕಾಯಿಲ್ 6 ಓಮ್, ಅರ್ಧ ಮಿಲಿಹೆನ್ರಿ ಇದ್ದರೆ 7.5 ಓಮ್ ಮತ್ತು 9 ಮೈಕ್ರೋಫ್ಯಾರಡ್ ಸರಿಹೋಗುತ್ತದೆ. ಮೊದಲು ಹಾಗೇ ಕೇಳಿ ನೋಡಿ, ಬೇಕೆನಿಸಿದರೆ ಮಾತ್ರ ಹಾಕಿ.

ಟ್ರಾನ್ಸ್‌ಫಾರ್ಮರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೇ ವಾಲ್ವ್‌ನ ಆಂಪ್‌ನಲ್ಲಿ ಪ್ರೈಮರಿ ಮೂಲಕ ಡಿಸಿ ಸದಾ ಹರಿಯುತ್ತಿರುತ್ತದೆ, ಅದಕ್ಕೇ ಕೋರ್‌ನಲ್ಲಿ ಗಾಳಿಯ ಸಂದು ಬೇಕು. 30 ಹರ್ಟ್ಸ್‌ವರೆಗೆ ಇಳಿಯಬೇಕಾದರೆ ಟ್ರಯೋಡ್‌ಗೆ ಪ್ರೈಮರಿಯಲ್ಲಿ 8 ಹೆನ್ರಿ ಸಾಕು, ಅದೇ ಕೆಲಸಕ್ಕೆ ಫೀಡ್‌ಬ್ಯಾಕ್ ಇಲ್ಲದ ಪೆಂಟೋಡ್‌ಗೆ 23 ಬೇಕು. ನಿಮ್ಮದು ಹಳೆ ರೇಡಿಯೋದಿಂದ ಕಿತ್ತ ಹೆಬ್ಬೆರಳಿನಷ್ಟೇ ಇರುವ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಬೇಸ್‌ನಲ್ಲಿ ಒಡೆಯುವುದಕ್ಕೆ ಅದೂ ಕಾರಣವಾಗಿರಬಹುದು. ಹಾಡಿನ ಬದಲು 50 ಹರ್ಟ್ಸ್ ಸ್ವರ ಕೊಟ್ಟು ನಿಧಾನವಾಗಿ ಏರಿಸಿ, ಆಮೇಲೆ 400 ಹರ್ಟ್ಸ್ ಕೊಟ್ಟು ಏರಿಸಿ, ಎರಡರಲ್ಲೂ 8 ಓಮ್ ರೆಸಿಸ್ಟರ್ ಮೇಲೆ ಎಷ್ಟು ವೋಲ್ಟ್ ಆದ ಮೇಲೆ ಏರಿಕೆ ನಿಲ್ಲುತ್ತದೆ ನೋಡಿ. 400ರಲ್ಲಿ 4 ವೋಲ್ಟ್ ಬಂದು 50ರಲ್ಲಿ ಎರಡಕ್ಕೇ ನಿಂತುಬಿಟ್ಟರೆ ಟ್ರಾನ್ಸ್‌ಫಾರ್ಮರ್ ಚಿಕ್ಕದಾಯಿತು. ಬೆಂಗಳೂರಿನ ಎಸ್‌ಪಿ ರೋಡಿನ ಕಡೆ ಹೋದಾಗ ಸುತ್ತಿಕೊಡುವವರನ್ನು ವಿಚಾರಿಸಿ, ಆದರೆ ಸಂದಿನ ವಿಷಯ ಮತ್ತು ಎಷ್ಟು ಮಿಲಿಆಂಪಿಯರ್ ಡಿಸಿ ಎಂಬುದನ್ನು ಚೀಟಿಯಲ್ಲಿ ಬರೆದೇ ಕೊಡಿ.

ಸದ್ಯಕ್ಕೆ 4ರ ಟ್ಯಾಪ್‌ಗೆ ಹಾಕಿ ಒಂದು ವಾರ ಕೇಳಿ. ಆಮೇಲೆ ಎರಡು ರೆಸಿಸ್ಟರ್‌ನ ಅಳತೆ, 50 ಹರ್ಟ್ಸ್‌ನ ಅಳತೆ ಮತ್ತು ಸ್ಪೀಕರ್‌ನ ಗ್ರಾಫ್ ಕಳುಹಿಸಿ. ಟ್ರಾನ್ಸ್‌ಫಾರ್ಮರ್ ಪಾಸಾದರೆ ನಿಮ್ಮ ಆಂಪ್‌ಗೆ ಫೀಡ್‌ಬ್ಯಾಕ್ ರೆಸಿಸ್ಟರ್ 1.5 ಕಿಲೋ ಓಮ್ ಸಾಕೋ, ಬದಲಿಸಬೇಕೋ ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ.